ಎರಡು ನಿಮಿಷದ ರಿಯಾಯಿತಿ

ಬೆಳಿಗ್ಗೆ ಆರೂಮುಕ್ಕಾಲು. ತುಕ್ರಪ್ಪ ಜಗಲಿಯ ಬೆಂಚಿನಲ್ಲಿ ಕುಳಿತು ಎದುರಿನ ಸ್ಟೂಲಿನ ಮೇಲಿದ್ದ ಮೊಬೈಲನ್ನು ನೋಡುತ್ತಿದ್ದ. ನೋಡುತ್ತಿದ್ದ ಅಷ್ಟೆ, ಮುಟ್ಟಿರಲಿಲ್ಲ. ಮೊಬೈಲಿನ ಪಕ್ಕ ಶುಗರ್ ನೋಡುವ ಹೊಸ ಮಿಷನ್, ಅದರ ಪಕ್ಕ ಸೂಜಿಯ ಪೆನ್ನು, ಸ್ಟ್ರಿಪ್ಪಿನ ಡಬ್ಬಿ, ಒಂದು ಉಂಡೆ ಹತ್ತಿ. ಎಲ್ಲವನ್ನೂ ಪದ್ಮಾಕ್ಷಿ ಪೂಜೆಯ ಸಾಮಾನಿನ ಹಾಗೆ ಸಾಲಾಗಿ ಇಟ್ಟು, "ಇದಾ, ಎಲ್ಲ ಉಂಟು. ನೋಡಿ ಮುಗಿಸಿ, ಮತ್ತೆ ತಿಂಡಿ" ಎಂದು ಒಳಗೆ ಹೋಗಿದ್ದಳು. ಮೊಬೈಲು ಮಗ ದಯಾನಂದನದ್ದು, ಹಳತಾಯಿತೆಂದು ಅಪ್ಪನ ಪಾಲಿಗೆ ಬಂದದ್ದು. ನಿನ್ನೆ ಸಂಜೆ ದಯಾನಂದ ಮಂಗಳೂರಿನ ಕೆಲಸದಿಂದ ಬಂದವನೇ ಅದರಲ್ಲಿ ಕ್ಲಿನಿಕ್ಕಿನವರ ಆ್ಯಪ್ ಹಾಕಿ, ಮಿಷನ್ನಿಗೂ ಅದಕ್ಕೂ ಏನೋ ಸಂಬಂಧ ಬೆಸೆದು, "ಅಪ್ಪ, ನೀವು ಎಂತ ಸಹ ಒತ್ತುವುದು ಬೇಡ. ರಕ್ತ ಮುಟ್ಟಿಸಿದರೆ ಸಾಕು, ಅದೇ ಕ್ಲಿನಿಕ್ಕಿಗೆ ಹೋಗ್ತದೆ" ಎಂದಿದ್ದ. ಧೈರ್ಯ ಹೇಳಲೆಂದು ಮಗ ಆಡಿದ ಆ ಮಾತೇ ತುಕ್ರಪ್ಪನ ನಿದ್ದೆ ಕೆಡಿಸಿತ್ತು. ಒತ್ತಬೇಕಾಗಿದ್ದರೆ ಒತ್ತದೆ ಇರಬಹುದಿತ್ತು. ಒತ್ತುವುದೇ ಬೇಡ, ಅದೇ ಹೋಗುತ್ತದೆ ಎಂದಾದರೆ ನಡುವೆ ತಾನು ನಿಲ್ಲುವುದು ಎಲ್ಲಿ?

ಮೊಬೈಲಿಗೆ ಅವನು ಹೆದರುತ್ತಾನೆ ಎಂಬುದು ಮನೆಯಲ್ಲಿ ತಮಾಷೆಯ ವಿಷಯ. ಅವನ ಹೆಬ್ಬೆರಳನ್ನು ಕಂಡರೆ ಆ ಗಾಜಿಗೆ ಆಗದು; ಮೂರು ಸಲ ಒತ್ತಿದರೆ ಸತ್ತಂತೆ ಇರುತ್ತದೆ, ನಾಲ್ಕನೆಯ ಸಲಕ್ಕೆ ಮೂರು ಬಾಗಿಲು ಒಟ್ಟಿಗೆ ತೆರೆಯುತ್ತವೆ. ಒಮ್ಮೆ ಹೀಗೇ ಎಲ್ಲೋ ಒತ್ತಿ, ಬಚ್ಚಲಿನ ಕಟ್ಟೆಯ ಮೇಲೆ ಒರಗಿಸಿ ಹಲ್ಲು ತಿಕ್ಕುತ್ತಿದ್ದಾಗ ದಮಾಮಿನಲ್ಲಿರುವ ಅಳಿಯ "ಮಾವ, ನಮಸ್ಕಾರ" ಎಂದು ಗಾಜಿನೊಳಗಿಂದ ಕೈ ಮುಗಿದಿದ್ದ. ಬಾಯಿ ತುಂಬ ನೊರೆ, ಸೊಂಟದಲ್ಲಿ ಒಂದು ತುಂಡು ಬೈರಾಸು. ಆ ದಿನದಿಂದ ಮೊಬೈಲನ್ನು ಮಗುಚಿ ಇಡುವುದು ಅವನ ಅಭ್ಯಾಸ. ಕ್ಲಿನಿಕ್ಕಿನಲ್ಲಿ ಆದದ್ದನ್ನು ಮಾತ್ರ ಅವನು ಯಾರಿಗೂ ಹೇಳಿಲ್ಲ. ಹೋದ ತಿಂಗಳು ಕೌಂಟರಿನ ಹುಡುಗಿ ತಲೆ ಎತ್ತದೆ ಗೋಡೆಯ ಕಡೆ ಬೆರಳು ತೋರಿಸಿ, "ಅದನ್ನು ಸ್ಕ್ಯಾನ್ ಮಾಡಿ, ಟೋಕನ್ ಬರ್ತದೆ" ಎಂದಳು. ಗೋಡೆಯಲ್ಲಿ ಕಪ್ಪು ಬಿಳಿ ಚೌಕಗಳ ಒಂದು ಕಾಗದ. ಅವನು ಅದರ ಎದುರು ನಿಂತು, ಏನೋ ಓದುವವನಂತೆ ಕನ್ನಡಕ ಸರಿಪಡಿಸಿ, ಕೈ ಹಿಂದೆ ಕಟ್ಟಿ, ತನ್ನ ಹಿಂದೆ ಬಂದ ನಾಲ್ಕು ಮಂದಿ ಟೋಕನ್ ಪಡೆದು ಒಳಗೆ ಹೋಗುವವರೆಗೆ ನಿಂತೇ ಇದ್ದ. ಐದನೆಯವಳಾಗಿ ಬಂದ ನರ್ಸ್ ಫರ್ಹಾನ, "ಅಂಕಲ್, ಕೊಡಿ" ಎಂದು ಅವನ ಕೈಯಿಂದಲೇ ಮೊಬೈಲು ತೆಗೆದುಕೊಂಡು ಒಂದು ಕ್ಷಣದಲ್ಲಿ ಮುಗಿಸಿಬಿಟ್ಟಳು. ಒಳ್ಳೆಯ ಹುಡುಗಿ. ಆದರೂ ಅವನಿಗೆ ಅವಳ ಮೇಲೆ ಸಿಟ್ಟು ಬಂದಿತ್ತು, ಯಾಕೆಂದರೆ ಒಂದು ಕಾಲದಲ್ಲಿ ಅವನು ಪೀಪಿ ಊದದೆ ಮೂಡುಬಿದಿರೆ ಬಸ್ ನಿಲ್ದಾಣದಿಂದ ಒಂದು ಬಸ್ಸೂ ಅಲ್ಲಾಡುತ್ತಿರಲಿಲ್ಲ.

ಮೂವತ್ತೊಂದು ವರ್ಷ ಅವನು ಅಲ್ಲಿ ಟೈಮ್ ಕೀಪರ್. ಖಾಸಗಿ ಬಸ್ಸುಗಳ ಊರು. ಒಂದರ ಬೆನ್ನಿಗೆ ಇನ್ನೊಂದು, ನಡುವೆ ನಾಲ್ಕೋ ಐದೋ ನಿಮಿಷ. ಒಂದು ಬಸ್ಸು ಮೂರು ನಿಮಿಷ ತಡವಾಗಿ ಬಂದರೆ ಹಿಂದಿನ ಬಸ್ಸಿನ ಜನರೆಲ್ಲ ಇದಕ್ಕೇ ಹತ್ತುತ್ತಾರೆ, ಕಂಡಕ್ಟರುಗಳು ಕಾಲರ್ ಹಿಡಿಯುತ್ತಾರೆ, ಸಂಜೆ ಎರಡೂ ಕಡೆಯ ಮಾಲೀಕರ ಫೋನು. ಇವರ ನಡುವೆ ಸಿಮೆಂಟಿನ ಕಂಬಕ್ಕೆ ಒರಗಿ, ಉದ್ದದ ಪುಸ್ತಕ ಹಿಡಿದು, ಬಂದ ಹೊತ್ತು ಬಿಟ್ಟ ಹೊತ್ತು ಬರೆಯುವುದು ತುಕ್ರಪ್ಪನ ಕೆಲಸ. ಅವನ ಬಳಿ ಒಂದು ರಿಯಾಯಿತಿ ಇತ್ತು. ಕಾರಣ ಇದ್ದವರಿಗೆ ಎರಡು ನಿಮಿಷ. ತೋಡಾರಿನ ಏರಿನಲ್ಲಿ ಹೆಣದ ಮೆರವಣಿಗೆ ಎದುರಾಯಿತೆಂದೋ, ಬಸುರಿ ಹೆಂಗಸು ಹತ್ತುವುದಕ್ಕೆ ಹೊತ್ತು ಹಿಡಿಯಿತೆಂದೋ ಡ್ರೈವರ್ ಹೇಳಿದರೆ ಎಂಟು ಹನ್ನೆರಡಕ್ಕೆ ಬಂದ ಬಸ್ಸು ಪುಸ್ತಕದಲ್ಲಿ ಎಂಟು ಹತ್ತಕ್ಕೆ ಬಂದಿರುತ್ತಿತ್ತು. ಯಾರಿಂದಲೂ ಒಂದು ಲೋಟ ಚಹಾ ಅವನು ಕುಡಿದವನಲ್ಲ. ಬರೆಯುವುದು ಎಂದರೆ ಜಗಳ ಆಗದಂತೆ ಬರೆಯುವುದು, ಅಷ್ಟೇ ಅವನ ತಿಳುವಳಿಕೆ. ಆಮೇಲೆ ಬಸ್ಸುಗಳಲ್ಲಿ ಜಿಪಿಎಸ್ ಎಂಬ ಡಬ್ಬಿ ಬಂತು. ಬಸ್ಸು ಎಲ್ಲಿದೆ, ಎಷ್ಟು ಹೊತ್ತು ನಿಂತಿತು ಎಂಬುದು ಮಾಲೀಕರಿಗೆ ಮನೆಯ ಸೋಫಾದಲ್ಲಿಯೇ ಕಾಣತೊಡಗಿತು. ಡಬ್ಬಿಗೆ ಹೆಣವೂ ಗೊತ್ತಿಲ್ಲ, ಬಸುರಿಯೂ ಗೊತ್ತಿಲ್ಲ. ತುಕ್ರಪ್ಪನಿಗೆ ಶಾಲು ಹೊದೆಸಿ ಕಳಿಸಿದರು. ಈಗ ಅಂಥದೇ ಇನ್ನೊಂದು ಡಬ್ಬಿ ಅವನ ಜಗಲಿಗೆ ಬಂದು ಕುಳಿತಿದೆ, ಈ ಸಲ ಬಸ್ಸು ಅವನೇ.

ಶುಗರ್ ಶುರುವಾದದ್ದು ಆರು ವರ್ಷದ ಹಿಂದೆ. ಹಳೆಯ ಮಿಷನ್ನಿನಲ್ಲಿ ಬೆಳಿಗ್ಗೆ ನೋಡಿ ಒಂದು ನೋಟು ಪುಸ್ತಕದಲ್ಲಿ ಬರೆದಿಡಿ ಎಂದು ಡಾಕ್ಟರು ಹೇಳಿದ್ದರು. ಬರೆಯುವುದು ಅವನಿಗೆ ಹೊಸದೇ? ಪುಂಜಾಲಕಟ್ಟೆಯಲ್ಲಿ ಭಾವನ ಮಗಳ ಮದುವೆ ಉಂಡು ಬಂದ ಮರುದಿನ ನೂರ ಅರುವತ್ತೆಂಟು ಬಂತು. ಕಾರಣ ಇತ್ತಲ್ಲ. ನೂರ ಇಪ್ಪತ್ತೆಂಟು ಎಂದು ಬರೆದ. "ಎಷ್ಟು?" ಎಂದು ಒಳಗಿನಿಂದ ಪದ್ಮಾಕ್ಷಿ ಕೇಳಿದಳು. "ನೂರ ಇಪ್ಪತ್ತೆಂಟು." ಅವಳ ಮುಖ ಅರಳಿದ್ದನ್ನು ಅವನು ಅಡುಗೆಮನೆಯ ಬಾಗಿಲಿನಲ್ಲಿ ಕಂಡ. ಅಲ್ಲಿಗೆ ದಾರಿ ಬಿದ್ದಿತು. ಅವಳು ಕುಚ್ಚಲಕ್ಕಿಯನ್ನು ಸೇರಿನಿಂದ ಪಾವಿಗೆ ಇಳಿಸಿದಳು, ರಾಗಿ ಹುರುಳಿ ರುಬ್ಬಿದಳು, ಹಾಗಲಕಾಯಿಯಿಂದ ಏನೆಲ್ಲ ಮಾಡಬಹುದೋ ಅಷ್ಟನ್ನೂ ಮಾಡಿದಳು. ಸ್ವಸಹಾಯ ಸಂಘದ ಸಭೆಯಲ್ಲಿ ನೆರೆಮನೆಯ ಲೋಲಾಕ್ಷಿ ತನ್ನ ಗಂಡನ ಶುಗರ್ ಇಳಿಯುವುದಿಲ್ಲ ಎಂದು ಅತ್ತಾಗ ಪದ್ಮಾಕ್ಷಿ, "ನನ್ನ ಹಾಗೆ ಮಾಡಿ. ಇವರದ್ದು ಆರು ವರ್ಷದಿಂದ ನೂರ ಮೂವತ್ತು ದಾಟಿದ್ದಿಲ್ಲ" ಎಂದಳಂತೆ. ಮನೆಗೆ ಬಂದು ಅದನ್ನು ಅವಳೇ ಹೇಳಿಕೊಂಡು ನಕ್ಕಳು. ಹೆಚ್ಚು ಓದದ, ನಾಲ್ಕು ಜನರೆದುರು ಬಾಯಿ ತೆರೆಯಲು ನಾಚುವ ಅವಳಿಗೆ ಬದುಕಿನಲ್ಲಿ ಸಿಕ್ಕಿದ ಒಂದೇ ಬಿರುದು ಅದು. ಅವನಾದರೋ ದಿನಾ ಹತ್ತು ಗಂಟೆಗೆ, ಬಿಟ್ಟ ಕೆಲಸದ ಚಟಕ್ಕೆ, ಮೂಡುಬಿದಿರೆ ನಿಲ್ದಾಣಕ್ಕೆ ಹೋಗಿ, ಹಳಬರ ಜೊತೆ ಹೊಟೇಲಿನಲ್ಲಿ ಕುಳಿತು ಎರಡು ಬಾಳೆಹಣ್ಣಿನ ಬನ್ಸ್ ತಿಂದು ಸಕ್ಕರೆ ಹಾಕಿದ ಚಹಾ ಕುಡಿಯುತ್ತಿದ್ದ. ಹಿಂದೆ ಬರುವಾಗ ನಾಚಿಕೆಯಾಗುತ್ತಿತ್ತು. ಮರುದಿನ ಹತ್ತು ಗಂಟೆಯ ಹೊತ್ತಿಗೆ ಆ ನಾಚಿಕೆ ಆರಿರುತ್ತಿತ್ತು. ಹೋದ ತಿಂಗಳು ಡಾಕ್ಟರು ಅವನ ನೋಟು ಪುಸ್ತಕವನ್ನೂ ಮೂರು ತಿಂಗಳ ಸರಾಸರಿ ಹೇಳುವ ರಕ್ತಪರೀಕ್ಷೆಯ ಚೀಟಿಯನ್ನೂ ಅಕ್ಕಪಕ್ಕ ಇಟ್ಟು, "ತುಕ್ರಪ್ಪನವರೇ, ಪುಸ್ತಕ ಒಂದು ಹೇಳ್ತದೆ, ರಕ್ತ ಇನ್ನೊಂದು ಹೇಳ್ತದೆ. ಇಬ್ಬರಲ್ಲಿ ನೀವು ಯಾರು?" ಎಂದು ನಕ್ಕರು. ಬೈದಿದ್ದರೆ ಚೆನ್ನಾಗಿತ್ತು. ಮರುವಾರವೇ ಈ ಹೊಸ ಮಿಷನ್ ಕೊಟ್ಟರು.

"ಆಯ್ತಾ?" ಎಂದು ಒಳಗಿನಿಂದ ಪದ್ಮಾಕ್ಷಿ ಕೇಳಿದಳು. ತುಕ್ರಪ್ಪ ಬೆಚ್ಚಿ ಮಿಷನ್ನನ್ನೂ ಸೂಜಿಯನ್ನೂ ಸ್ಟ್ರಿಪ್ಪಿನ ಡಬ್ಬಿಯನ್ನೂ ಮೊಬೈಲನ್ನೂ ಬಾಚಿ ಅಂಗಿಯ ಜೇಬಿಗೆ ತುಂಬಿದ. "ಒಂದು ಸುತ್ತು ನಡೆದು ಬಂದು ನೋಡ್ತೇನೆ. ನಡೆದ ಮೇಲೆ ಸರಿಯಾಗಿ ಬರ್ತದಂತೆ" ಎಂದ. ಯಾರು ಹೇಳಿದ್ದು ಎಂದು ಅವಳು ಕೇಳಲಿಲ್ಲ. ಶುಗರಿನ ವಿಷಯದಲ್ಲಿ ಅವನ ಮಾತನ್ನು ಅವಳು ಯಾವತ್ತೂ ಪ್ರಶ್ನಿಸಿದವಳಲ್ಲ. ಅಂಗಳ ದಾಟುವಾಗ ಅವನ ತಲೆಯಲ್ಲಿ ಒಂದು ಉಪಾಯ ಆಗಲೇ ಪೂರ್ತಿಯಾಗಿ ಕುಳಿತಿತ್ತು. ಅದು ಬಸ್ಸಿನವರದೇ ಉಪಾಯ. ಒಂದು ಬಸ್ಸು ಕೆಟ್ಟರೆ ಅದರ ಹೊತ್ತಿಗೆ ಇನ್ನೊಂದನ್ನು ಓಡಿಸುವುದು, ಬೋರ್ಡು ಬದಲಾಯಿಸುವುದು, ಪುಸ್ತಕದಲ್ಲಿ ಮೊದಲನೆಯದರ ಹೆಸರೇ ಬರೆಯುವುದು. ಹೊತ್ತು ತಪ್ಪಬಾರದು ಅಷ್ಟೆ.

ತೋಡಾರಿನ ಮೋರಿಯ ಕಟ್ಟೆಯಲ್ಲಿ ಮಹಮ್ಮದ್ ಕುಂಞಿ ಆಗಲೇ ಬಂದು ಕುಳಿತಿದ್ದ. ಮೂವತ್ತು ವರ್ಷ ಬೆಳಗಿನ ಮೊದಲ ಬಸ್ಸಿನ ಡ್ರೈವರ್. ತುಕ್ರಪ್ಪನ ಎರಡು ನಿಮಿಷಗಳನ್ನು ಅವನಷ್ಟು ಉಂಡವರು ಬೇರೆ ಯಾರಿಲ್ಲ. ತುಕ್ರಪ್ಪನಿಗಿಂತ ಮೂರು ವರ್ಷ ದೊಡ್ಡವನು, ಮದ್ದು ಮಾತ್ರೆ ಕಂಡವನಲ್ಲ, ಅದೇ ಅವನ ಜಂಬ. ಈಚೆಗೆ ಸ್ವಲ್ಪ ಇಳಿದಿದ್ದ. ಪಕ್ಕದಲ್ಲಿ ಯಾವಾಗಲೂ ಒಂದು ನೀರಿನ ಬಾಟಲಿ. ಬಲಗಾಲಿನ ಹೆಬ್ಬೆರಳಿಗೆ ಬಟ್ಟೆ ಸುತ್ತಿತ್ತು. ಚಪ್ಪಲಿ ಕಚ್ಚಿದ ಗಾಯ, ತಿಂಗಳಾದರೂ ಮಾಗಿಲ್ಲ ಎಂದು ನಗುತ್ತಲೇ ಹೇಳಿದ್ದ.

"ಕುಂಞಾಕ, ಏನಾದರೂ ತಿಂದಿದ್ದೀರಾ?"

"ಇಲ್ಲ ಮಾರಾಯ. ನಮಾಜು ಮುಗಿಸಿ ನೇರ ಬಂದದ್ದು. ನೀರು ಮಾತ್ರ."

"ಒಂದು ಹನಿ ರಕ್ತ ಬೇಕಿತ್ತು."

"ಎಂತಕ್ಕೆ? ನಿಮ್ಮ ದೈವಕ್ಕಾ?" ಎಂದು ಕುಂಞಿ ಹೊಟ್ಟೆ ಕುಲುಕಿಸಿ ನಕ್ಕ. ತುಕ್ರಪ್ಪ ವಿಷಯ ಹೇಳಿದ. ಪೂರ್ತಿ ಹೇಳಲಿಲ್ಲ, ಇವತ್ತು ಒಂದು ದಿನ ಮಾತ್ರ, ಮಿಷನ್ ಹೋಗ್ತದಾ ಇಲ್ಲವಾ ನೋಡ್ಲಿಕ್ಕೆ ಎಂದ. ಕುಂಞಿಗೆ ಕಾರಣ ಬೇಕಿರಲಿಲ್ಲ. ಕೇಳಿದವನು ಟೈಮ್ ಕೀಪರ್, ಅಷ್ಟು ಸಾಕು. "ತಗೊ, ನನ್ನದು ಒಳ್ಳೆ ರಕ್ತ" ಎಂದು ಎಡಗೈ ಚಾಚಿದ. ತುಕ್ರಪ್ಪ ಹೊಸ ಸೂಜಿ ಹಾಕಿ, ಆ ದಪ್ಪ ಬೆರಳನ್ನು ಹಿಡಿದು ಚುಚ್ಚಿ, ಹನಿಯನ್ನು ಸ್ಟ್ರಿಪ್ಪಿಗೆ ಮುಟ್ಟಿಸಿದ. ಮಿಷನ್ ಐದು ಎಣಿಸಿತು. ಆಮೇಲೆ ಪರದೆಯ ಮೇಲೆ ಮೂರು, ನಾಲ್ಕು, ಎರಡು ಬಂದು ನಿಂತವು. ಅವನು ಮಿಷನ್ನನ್ನು ತಲೆಕೆಳಗಾಗಿ ಹಿಡಿದಿರಬೇಕೆಂದು ತಿರುಗಿಸಿ ನೋಡಿದ. ಮುನ್ನೂರ ನಲವತ್ತೆರಡು. ಜೇಬಿನಲ್ಲಿ ಮೊಬೈಲು ಟಿಂಗ್ ಎಂದಿತು.

"ಎಷ್ಟುಂಟು?" ಎಂದು ಕುಂಞಿ ಕೇಳಿದ. ಅವನು ಕನ್ನಡಕ ತಂದಿರಲಿಲ್ಲ.

"ನೂರ ಎಂಟು" ಎಂದ ತುಕ್ರಪ್ಪ. ಯೋಚಿಸಿ ಹೇಳಿದ್ದಲ್ಲ. ನಾಲಗೆ ತಾನಾಗಿ ಹೇಳಿಬಿಟ್ಟಿತ್ತು, ಎಷ್ಟೋ ವರ್ಷ ಪೆನ್ನು ತಾನಾಗಿ ಬರೆದ ಹಾಗೆ. ಕುಂಞಿ, "ನೋಡು, ನಾನು ಹೇಳಲಿಲ್ಲವಾ" ಎಂದು ಬೆರಳು ಚೀಪಿ, ಬಾಟಲಿ ಎತ್ತಿ ಗಟಗಟ ನೀರು ಕುಡಿದ. ಅವನ ಗಂಟಲಿನ ಮಣಿ ಏರಿ ಇಳಿಯುವುದನ್ನು ತುಕ್ರಪ್ಪ ನೋಡಿದ. ಅವನ ಕಾಲಿನ ಬಟ್ಟೆಯನ್ನು ನೋಡಿದ. ಕ್ಲಿನಿಕ್ಕಿನ ಗೋಡೆಯಲ್ಲಿ ಶುಗರಿನಿಂದ ಗಾಯ ಮಾಗದೆ ಕೊಳೆತ ಕಾಲುಗಳ ಚಿತ್ರಗಳಿವೆ. ಅವನು ಯಾವಾಗಲೂ ಅದಕ್ಕೆ ಬೆನ್ನು ಹಾಕಿ ಕುಳಿತುಕೊಳ್ಳುತ್ತಾನೆ. ಈಗ ಹೇಳಬೇಕು ಎಂದುಕೊಂಡ. ಹೇಳಿದರೆ ಸುಳ್ಳು ಹೇಳಿದ್ದು ಯಾಕೆ ಎಂಬುದನ್ನೂ ಹೇಳಬೇಕಾಗುತ್ತಿತ್ತು. "ಬರ್ತೇನೆ ಕುಂಞಾಕ" ಎಂದು ಎದ್ದ.

ಮನೆಯ ದಾರಿ ಐದು ನಿಮಿಷದ್ದು. ಅಷ್ಟರಲ್ಲಿ ಅವನು ತನ್ನನ್ನು ತಾನೇ ಮೂರು ಸಲ ಸಮಾಧಾನ ಮಾಡಿದ. ಮಿಷನ್ ಹಾಳಿರಬಹುದು. ನಮಾಜಿನ ಮೊದಲು ಕುಂಞಿ ಒಂದು ಖರ್ಜೂರ ಬಾಯಿಗೆ ಹಾಕಿರಬಹುದು. ನಾಳೆ ಯಾವ ನೆವದಲ್ಲಾದರೂ ಅವನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದರಾಯಿತು. ನಾಳೆ ಎಂದುಕೊಂಡಾಗ ಹಗುರವಾಯಿತು, ಮನೆಯ ಬೇಲಿಯ ತಡಮೆ ದಾಟುವಾಗ ಪುನಃ ಭಾರವಾಯಿತು. ಜಗಲಿಯಲ್ಲಿ ಪದ್ಮಾಕ್ಷಿ ಕೈ ಒರಸಿಕೊಳ್ಳುತ್ತಾ ನಿಂತಿದ್ದಳು. "ಎಷ್ಟು ಬಂತು?" "ನೂರ ಎಂಟು." ಒಂದೇ ಸುಳ್ಳು, ಇಬ್ಬರಿಗೆ. ಅವಳು, "ಹೊಸ ಮಿಷನ್ನಿನಲ್ಲಿ ಇನ್ನೂ ಕಡಿಮೆ ಬಂತಲ್ಲ!" ಎಂದು ದೋಸೆ ತರಲು ಓಡಿದಳು. ಅಷ್ಟರಲ್ಲಿ ಮೊಬೈಲು ಹೊಡೆದುಕೊಳ್ಳತೊಡಗಿತು. ಅವನು ಅದನ್ನು ಬೆಂಚಿನ ಮೇಲಿಟ್ಟು ದೂರ ಸರಿದ. ನಿಂತಿತು. ಪುನಃ ಹೊಡೆದುಕೊಂಡಿತು. ಪದ್ಮಾಕ್ಷಿ ದೋಸೆಯ ತಟ್ಟೆ ಅವನ ಕೈಗೆ ಕೊಟ್ಟು, ಅವನಿಗಿಂತ ಧೈರ್ಯವಾಗಿ ಹಸಿರು ಗುಂಡಿಯನ್ನು ಎಳೆದಳು. ಫರ್ಹಾನಳ ದನಿ ಜಗಲಿಗೆಲ್ಲ ಕೇಳಿತು.

"ಅಂಕಲ್, ಫರ್ಹಾನ ಮಾತಾಡುವುದು. ನಿಮ್ಮದು ಮುನ್ನೂರ ನಲವತ್ತೆರಡು ಬಂದಿದೆ. ತಲೆ ತಿರುಗ್ತದಾ? ಬಾಯಾರಿಕೆ ಉಂಟಾ?"

ಪದ್ಮಾಕ್ಷಿ ಗಂಡನ ಮುಖ ನೋಡಿದಳು. ನೂರ ಎಂಟು ಎಲ್ಲಿ ಹೋಯಿತೆಂದು ಅವಳು ಕೇಳಲಿಲ್ಲ. ಹೆದರಬಾರದೆಂದು ತನ್ನಿಂದ ಮುಚ್ಚಿಟ್ಟಿದ್ದಾರೆ ಎಂದೇ ತಿಳಿದಳೋ ಏನೋ, ಬೆಂಚಿನ ತುದಿಯಲ್ಲಿ ಕುಸಿದು, "ನಿನ್ನೆ ಗಂಜಿ ಒಂದು ಸೌಟು ಜಾಸ್ತಿ ಹಾಕಿದ್ದೆ ಸಿಸ್ಟರ್. ನಾನೇ ಹಾಕಿದ್ದು. ಅದರಿಂದ ಆದದ್ದಾ?" ಎಂದಳು. ಮೊಬೈಲಿನ ಕಡೆ ಬಾಗಿ, ಅದರ ಹತ್ತಿರ ಕ್ಷಮೆ ಕೇಳುವವಳಂತೆ ಅವಳು ಹಾಗೆ ಹೇಳಿದ್ದನ್ನು ಕೇಳಿ ತುಕ್ರಪ್ಪ ಕೈಯಲ್ಲಿದ್ದ ದೋಸೆಯ ತಟ್ಟೆಯನ್ನು ಕೆಳಗಿಟ್ಟ. ಫರ್ಹಾನ, "ಹೆದರಬೇಡಿ ಆಂಟಿ. ಕೆಲವು ಸಲ ಕೈಯಲ್ಲಿ ಸಿಹಿ ಇದ್ದರೂ ಹಾಗೆ ತೋರಿಸ್ತದೆ. ಅಂಕಲ್ ಸೋಪಿನಲ್ಲಿ ಕೈ ತೊಳೆದು ಇನ್ನೊಮ್ಮೆ ನೋಡಲಿ. ಮೊದಲಿನದ್ದನ್ನು ನಾನು ತೆಗೆದು ಹಾಕ್ತೇನೆ" ಎಂದಳು.

ತಪ್ಪಿಸಿಕೊಳ್ಳುವ ಬಾಗಿಲು ತೆರೆದೇ ಇತ್ತು. ಎರಡೇ ನಿಮಿಷದ ಕೆಲಸ. ಕೈ ತೊಳೆದು ತನ್ನದನ್ನು ಮುಟ್ಟಿಸಿದರೆ ಇನ್ನೂರೋ ಇನ್ನೂರೈವತ್ತೋ ಬಂದೀತು, ಮುನ್ನೂರ ನಲವತ್ತೆರಡರ ಮುಂದೆ ಅದು ಎಲ್ಲರಿಗೂ ಸಮಾಧಾನದ ಸಂಗತಿಯೇ. ಮೊದಲಿನದ್ದನ್ನು ಫರ್ಹಾನ ತೆಗೆದುಹಾಕುತ್ತಾಳೆ. ಕುಂಞಿಯ ರಕ್ತ ಎಲ್ಲಿಯೂ ಇರುವುದಿಲ್ಲ. ತುಕ್ರಪ್ಪ ಸೋಪಿನ ಪೆಟ್ಟಿಗೆಯವರೆಗೆ ಹೋದ. ಕೈಗೆ ನೀರೂ ಹಾಕಿಕೊಂಡ. ಬಚ್ಚಲಿನ ಕಿಟಕಿಯಿಂದ ರಸ್ತೆ ಕಾಣುತ್ತದೆ. ಕುಂಞಿ ಬಾಟಲಿ ಹಿಡಿದು, ಬಲಗಾಲನ್ನು ಸ್ವಲ್ಪ ಎತ್ತಿ ಹಾಕುತ್ತಾ ಮನೆಯ ಕಡೆ ಹೋಗುತ್ತಿದ್ದ. ಆ ಕಾಲು ಮೂವತ್ತು ವರ್ಷ ಬ್ರೇಕು ತುಳಿದದ್ದು. ತುಕ್ರಪ್ಪನಿಗೆ ಒಮ್ಮೆಲೇ ಅಳು ಬಂತು. ಒದ್ದೆ ಕೈಯಲ್ಲೇ ಜಗಲಿಗೆ ಬಂದು ಮೊಬೈಲಿನ ಎದುರು ನಿಂತ.

"ಸಿಸ್ಟರ್, ತೆಗೆಯಬೇಡಿ. ಅದು ಸರಿಯೇ ಉಂಟು. ಆದರೆ ರಕ್ತ ನನ್ನದಲ್ಲ."

"ಎಂತ ಅಂಕಲ್?"

"ಮಹಮ್ಮದ್ ಕುಂಞಿ ಅಂತ, ನನ್ನ ಸ್ನೇಹಿತ. ನನ್ನದು ಹೆಚ್ಚು ಬರ್ತದೆ ಅಂತ ಹೆದರಿ ಅವರದ್ದು ಹಾಕಿದೆ. ಅವರಿಗೆ ಶುಗರ್ ಉಂಟು ಅಂತ ಅವರಿಗೇ ಗೊತ್ತಿಲ್ಲ. ಕಾಲಿನಲ್ಲಿ ಗಾಯ ಉಂಟು, ತಿಂಗಳಾಯ್ತು."

ಈ ಸಲ ಫರ್ಹಾನ ಅಂಕಲ್ ಎನ್ನದೆ, "ಹೀಗೆ ಮಾಡಬಾರದು. ನಿಮ್ಮದು ಅಂತ ಡಾಕ್ಟರು ಮದ್ದು ಬದಲಾಯಿಸ್ತಿದ್ದರು" ಎಂದಳು. ಮತ್ತೆ ದನಿ ಇಳಿಸಿ, "ಅವರನ್ನು ಇವತ್ತೇ ಕರ್ಕೊಂಡು ಬನ್ನಿ. ನಾಳೆ ಅಂತ ಹೇಳಬೇಡಿ. ಕ್ಲಿನಿಕ್ಕು ಒಂಬತ್ತಕ್ಕೆ ತೆರೆಯುವುದು" ಎಂದು ಇಟ್ಟಳು. ಪದ್ಮಾಕ್ಷಿ ಕುಳಿತಲ್ಲಿಂದ ಏಳಲಿಲ್ಲ. "ಹಾಗಾದರೆ ಪುಸ್ತಕದಲ್ಲಿ ಬರೆದದ್ದು?" ಎಂದಳು. ತುಕ್ರಪ್ಪ ಕೈಯನ್ನು ಲುಂಗಿಗೆ ಒರಸಿಕೊಂಡ. ಅಷ್ಟರಲ್ಲಿಯೇ ಅವಳಿಗೆ ಉತ್ತರ ಸಿಕ್ಕಿತ್ತು. ಅವಳು ಒಳಗೆ ಹೋಗಿ ಒಲೆ ಆರಿಸಿದ ಸದ್ದು ಕೇಳಿತು, ಕಪಾಟು ತೆರೆದ ಸದ್ದು ಕೇಳಿತು. ಸೀರೆ ಬದಲಾಯಿಸಿ ಬಂದು, "ನಾನೂ ಬರ್ತೇನೆ" ಎಂದು ಅವನಿಗಿಂತ ನಾಲ್ಕು ಹೆಜ್ಜೆ ಮುಂದೆ ನಡೆದಳು. ಮೂವತ್ತೆಂಟು ವರ್ಷದಲ್ಲಿ ಅವಳು ಅವನ ಮುಂದೆ ನಡೆದದ್ದು ಅವನಿಗೆ ನೆನಪಿಲ್ಲ. ದಾರಿಯುದ್ದಕ್ಕೂ ಅವಳ ಬೆನ್ನನ್ನೇ ನೋಡುತ್ತಾ ಹೋದ. ಅಚ್ಚರಿಯೆಂದರೆ ಅವನಿಗೆ ಹೆದರಿಕೆ ಇರಲಿಲ್ಲ. ನಾಚಿಕೆ ಬೇಕಾದಷ್ಟಿತ್ತು, ಆದರೆ ನಿನ್ನೆಯಿಂದ ಎದೆಯಲ್ಲಿ ಕುಳಿತಿದ್ದ ಹೆದರಿಕೆ ಬಚ್ಚಲಿನಲ್ಲೇ ಎಲ್ಲೋ ಬಿದ್ದುಹೋಗಿತ್ತು. ದಾರಿಯಲ್ಲಿ ಸಿಕ್ಕ ಪರಿಚಯದ ಆಟೋದವನಿಗೆ ಅರ್ಧ ಗಂಟೆ ಬಿಟ್ಟು ಕುಂಞಿಯ ಮನೆಗೆ ಬರಲು ಹೇಳಿದ.

ಕುಂಞಿ ವರಾಂಡದ ಕುರ್ಚಿಯಲ್ಲಿದ್ದ. ಇಬ್ಬರೂ ಒಟ್ಟಿಗೆ ಬಂದದ್ದು ಕಂಡು, "ಎಂತ, ಬೆಳಿಗ್ಗೆಯೇ ನೆಂಟಸ್ತಿಕೆ!" ಎಂದು ಒಳಗೆ ಸೊಸೆಗೆ ಚಹಾಕ್ಕೆ ಕೂಗಿದ. ತುಕ್ರಪ್ಪ ಕೂರದೆ, ನಿಂತೇ, ಒಂದು ಸಲಕ್ಕೆ ಎಲ್ಲ ಹೇಳಿಬಿಟ್ಟ. ಕುಂಞಿ ಮೊದಲು ನಕ್ಕ. ಆಮೇಲೆ ನಗು ನಿಲ್ಲಿಸಿ, "ನಿನ್ನ ಮಿಷನ್ ಹಾಳು. ಅದನ್ನು ಮೊದಲು ತೋಡಿಗೆ ಬಿಸಾಡು" ಎಂದ.

"ಮಿಷನ್ ಸರಿ ಉಂಟು ಕುಂಞಾಕ. ಸುಳ್ಳು ಹೇಳಿದ್ದು ನಾನು."

"ನೂರ ಎಂಟು ಅಂತ ನೀನೇ ಹೇಳಿದೆ."

"ಹೇಳಿದೆ. ನಿಮಗೆ ಬೇಜಾರಾಗಬಾರದು ಅಂತ ಬಾಯಿಗೆ ಬಂತು."

ಕುಂಞಿ ಅವನನ್ನೇ ನೋಡಿದ. "ಇನ್ನೂರ ಮೂವತ್ತನಾಲ್ಕು ಬಿಟ್ಟುಕೊಟ್ಟೆಯಾ ಮಾರಾಯ? ಬಸ್ಸಿಗೆ ಎರಡರ ಮೇಲೆ ಕೊಟ್ಟವ ಅಲ್ಲ ನೀನು" ಎಂದ. ತಮಾಷೆಗೆಂದೇ ಹೇಳಿದ್ದು, ಆದರೆ ಅವನ ಕೈ ತಾನಾಗಿ ಕಾಲಿನ ಬಟ್ಟೆಯ ಕಡೆ ಹೋಯಿತು. "ನನಗೆ ನಂಬಿಕೆ ಇಲ್ಲ. ಆ ಪೆಟ್ಟಿಗೆಗೆ ಎಂತ ಗೊತ್ತುಂಟು?" ಎಂದು ಮುಖ ತಿರುಗಿಸಿದ. ನಿನ್ನೆಯವರೆಗೆ ತುಕ್ರಪ್ಪನದೇ ಮಾತು ಅದು. ಅವನು ಕುಂಞಿಯ ಎದುರಿನ ಸ್ಟೂಲನ್ನು ಎಳೆದು ಕುಳಿತು, ಜೇಬಿನಿಂದ ಮಿಷನ್ ತೆಗೆದು, ಸೂಜಿ ಬದಲಾಯಿಸಿ, ಮೊಬೈಲನ್ನು ಮುಖ ಮೇಲಾಗಿ ಮೊಣಕಾಲ ಮೇಲಿಟ್ಟು ತನ್ನ ಬೆರಳು ಚುಚ್ಚಿಕೊಂಡ. ಒಳಗಿನಿಂದ ಸೊಸೆ ರಿಫಾ ಚಹಾದ ತಟ್ಟೆ ಹಿಡಿದು ಬಂದವಳು ಬಾಗಿಲಲ್ಲೇ ನಿಂತಳು. ಮಿಷನ್ ಐದು ಎಣಿಸಿತು. ಇನ್ನೂರ ನಲವತ್ತೇಳು. ಮೊಬೈಲು ಟಿಂಗ್ ಎಂದಿತು. ಹೋಯಿತು. ತುಕ್ರಪ್ಪ ಪರದೆಯನ್ನು ಮೊದಲು ಪದ್ಮಾಕ್ಷಿಗೆ ತೋರಿಸಿದ, ಆಮೇಲೆ ಕುಂಞಿಗೆ.

"ಇದು ನನ್ನ ಆರು ವರ್ಷದ ನಿಜವಾದ ಶುಗರ್" ಎಂದ. "ಇವಳ ಅಡುಗೆಯದ್ದಲ್ಲ. ದಿನಾ ಹೊಟೇಲಿಗೆ ಹೋಗಿ ಎರಡು ಬನ್ಸ್ ತಿನ್ನುತ್ತಿದ್ದೆ, ಸಕ್ಕರೆ ಚಹಾ ಕುಡಿಯುತ್ತಿದ್ದೆ. ಇವಳು ಮಾಡಿದ್ದರಲ್ಲಿ ಎಂತ ತಪ್ಪು ಸಹ ಇಲ್ಲ. ಇದನ್ನು ಲೋಲಾಕ್ಷಿಯ ಹತ್ತಿರ ನಾನೇ ಹೋಗಿ ಹೇಳ್ತೇನೆ."

ಪದ್ಮಾಕ್ಷಿಯ ಮೂಗಿನ ತುದಿ ಕೆಂಪಾಗಿತ್ತು. ರಿಫಾ ಮೆಲ್ಲನೆ ಮುಂದೆ ಬಂದು ತಟ್ಟೆಯನ್ನು ಟೀಪಾಯಿಯ ಮೇಲಿಟ್ಟು, ಎರಡು ಲೋಟಗಳನ್ನು ಈ ಕಡೆ ಸರಿಸಿ, "ಇದೆರಡು ಸಕ್ಕರೆ ಇಲ್ಲದ್ದು, ತುಕ್ರಪ್ಪಣ್ಣನಿಗೆ ಮತ್ತೆ ಅಕ್ಕನಿಗೆ" ಎಂದಳು. ಮೂರನೆಯದು ಮಾವನದ್ದು, ಮೂರು ಚಮಚದ್ದು. ಕುಂಞಿ ಅಭ್ಯಾಸದಂತೆ ಅದಕ್ಕೆ ಕೈ ಹಾಕಿ, ಎತ್ತಿ, ತುಟಿಯವರೆಗೆ ತಂದು, ನಿಂತ. ತುಕ್ರಪ್ಪನ ಬೆರಳಿನಲ್ಲಿ ಇನ್ನೂ ರಕ್ತ ಜಿನುಗುತ್ತಿತ್ತು. ಕುಂಞಿ ಅದನ್ನು ನೋಡಿದ, ತನ್ನ ಕಾಲನ್ನು ನೋಡಿದ. ಲೋಟವನ್ನು ಪುನಃ ಕೆಳಗಿಟ್ಟು, "ಆಯ್ತು ಮಾರಾಯ, ಹೋಗುವ" ಎಂದ. ಆಮೇಲೆ ದೊಡ್ಡ ಮನುಷ್ಯ ಮಗುವಿನ ಹಾಗೆ, "ಈಗ ಇದನ್ನು ಎಂತ ಮಾಡುವುದು?" ಎಂದು ಕೇಳಿದ.

"ಇಲ್ಲಿ ಕೊಡಿ" ಎಂದಳು ಪದ್ಮಾಕ್ಷಿ.

"ನಿಮಗೆ ಸಿಹಿ ಆಗುವುದಿಲ್ಲ ಅಲ್ವಾ ಅಕ್ಕ?" ಎಂದಳು ರಿಫಾ.

"ಆಗುವುದಿಲ್ಲ ಅಂತ ಯಾರು ಹೇಳಿದ್ದು? ಇವರಿಗೆ ಇಲ್ಲದ್ದು ನನಗೆ ಯಾಕೆ ಅಂತ ಬಿಟ್ಟದ್ದು. ಆರು ವರ್ಷ ಆಯ್ತು."

ಅವಳು ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ಗಂಡನ ಕಡೆ ನೋಡದೆ, ಒಂದು ಗುಟುಕು ಕುಡಿದು ಬಾಯಲ್ಲೇ ಇಟ್ಟುಕೊಂಡಳು. ಕಣ್ಣು ಮುಚ್ಚಿತು. ಎಷ್ಟು ಮದುವೆ, ಎಷ್ಟು ತೊಟ್ಟಿಲು, ಎಷ್ಟು ನೆಂಟರ ಮನೆಗಳಲ್ಲಿ ತನ್ನ ಪಕ್ಕ ಕುಳಿತು ಅವಳು ಪಾಯಸ ಬಂದಾಗ ಬಾಳೆಲೆಯ ಮೇಲೆ ಕೈ ಅಡ್ಡ ಹಿಡಿದಿದ್ದಳು, ಅವನು ಒಮ್ಮೆಯೂ ಯಾಕೆಂದು ಕೇಳಿರಲಿಲ್ಲ. ತುಕ್ರಪ್ಪನಿಗೆ ಅವಮಾನದಿಂದ ಕಿವಿ ಬಿಸಿಯಾಯಿತು. ಅದರ ಜೊತೆಗೇ, ಹೇಳಿದರೆ ಯಾರೂ ನಂಬಲಿಕ್ಕಿಲ್ಲ, ಅವನಿಗೆ ಬಹಳ ಸಂತೋಷವಾಯಿತು. ಅವಳು ನಿಧಾನವಾಗಿ, ತಳದ ಸಕ್ಕರೆಯವರೆಗೆ ಕುಡಿದು, ಲೋಟವನ್ನು ವಾರೆ ಮಾಡಿ ಕೊನೆಯ ಹನಿಯನ್ನೂ ಬೀಳಿಸಿಕೊಂಡು, "ರಿಫಾ, ಇನ್ನು ಸ್ವಲ್ಪ ಉಂಟಾ?" ಎಂದಳು.

ಅಂಗಳದಲ್ಲಿ ಆಟೋದವನು ಬಂದು ಹಾರ್ನ್ ಹಾಕಿದ. ಕುಂಞಿ ಏಳಲು ಹೊರಟ. ತುಕ್ರಪ್ಪ ಎದ್ದು ಮೆಟ್ಟಿಲಿಗೆ ಬಂದು, ಆಟೋದವನಿಗೆ ಕೈ ಮೇಲೆತ್ತಿ, "ನಿಲ್ಲು ಮಾರಾಯ, ಅವಳು ಚಹಾ ಕುಡಿಯಲಿ" ಎಂದ.